ಟೈಪಾಗದೆ ಉಳಿದ ಹಾಳೆ

ಶಿವಮೊಗ್ಗದ ಹೊಸಮನೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದ ಧನಲಕ್ಷ್ಮಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಆದರೆ ಅವಳಷ್ಟು ಶುದ್ಧವಾಗಿ ಇಂಗ್ಲಿಷ್ ಟೈಪ್ ಮಾಡುವವರು ಊರಲ್ಲಿ ಇನ್ನೊಬ್ಬರಿರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಂಗಿನಲ್ಲಿ ಸೀನಿಯರ್ ಪಾಸು ಮಾಡಿ, ಆರು ಮಷೀನುಗಳ ಇನ್‌ಸ್ಟಿಟ್ಯೂಟ್ ಇಟ್ಟಿದ್ದಳು. ಮದುವೆಯಾಗಿರಲಿಲ್ಲ. ಕಾಲೇಜಿನ ಮೇಷ್ಟ್ರುಗಳು ತಮ್ಮ ಸಂಶೋಧನಾ ಲೇಖನಗಳನ್ನು ಹೊತ್ತು ಅವಳಲ್ಲಿಗೇ ಬರುತ್ತಿದ್ದರು.

“ಅರ್ಥ ನೋಡಕ್ಕೆ ಹೋದ್ರೆ ಕೈ ತಪ್ಪುತ್ತೆ ಸರ್. ನಾನು ಅಕ್ಷರ ಮಾತ್ರ ನೋಡ್ತೀನಿ” ಎಂದು ಅವಳು ಹೆಮ್ಮೆಯಿಂದಲೇ ಹೇಳುತ್ತಿದ್ದಳು.

ಭದ್ರಾವತಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಪರಮೇಶ್ವರಪ್ಪನವರು ಶನಿವಾರ ಮಧ್ಯಾಹ್ನ ಬಸ್ಸಿಳಿದು ನೇರ ಇಲ್ಲಿಗೆ ಬರುತ್ತಿದ್ದರು. ಅವಳು ಟೈಪ್ ಮಾಡಿದ್ದನ್ನು ಕುರ್ಚಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದರು, ಕಾಮಾ, ಫುಲ್‌ಸ್ಟಾಪ್ ಸಮೇತ. ಅವಳು ಕೈಬರಹ ಹಿಡಿದು ತಾಳೆ ನೋಡುತ್ತಿದ್ದಳು. ಅವರ ದನಿಯಲ್ಲಿ ಇಂಗ್ಲಿಷ್ ಕೇಳಿದರೆ ಅರ್ಥವಾಗದಿದ್ದರೂ ಏನೋ ಸಮಾಧಾನವಾಗುತ್ತಿತ್ತು.

೧೯೯೪ರಲ್ಲಿ ಅವರು ತಂದ ಲೇಖನದ ವಿಷಯ ವಿಚಿತ್ರವಾಗಿತ್ತು. ಇಂಗ್ಲಿಷ್ ಪದ್ಯಗಳ ತುಂಬ ಹಿಮ ಬೀಳುತ್ತದೆ. ಹಿಮವನ್ನೇ ಕಾಣದ ಭದ್ರಾವತಿಯ ಕಾರ್ಖಾನೆ ಕಾಲೊನಿಯ ಮಕ್ಕಳು ಆ ಪದ್ಯಗಳನ್ನು ಬಾಯಿಪಾಠ ಮಾಡುವಾಗ ಕಣ್ಣಮುಂದೆ ಏನನ್ನು ತಂದುಕೊಳ್ಳುತ್ತಾರೆ? ಇದನ್ನು ತಿಳಿಯಲು ಅವರು ಎರಡು ವರ್ಷ ಶಾಲೆ ಶಾಲೆ ಸುತ್ತಿ ಮಕ್ಕಳ ಜೊತೆ ಕೂತು ಬರೆದುಕೊಂಡಿದ್ದರು. ಹೊರರಾಜ್ಯದಿಂದ ಬರುವ ಇಂಗ್ಲಿಷ್ ಅಧ್ಯಯನದ ಪತ್ರಿಕೆಗೆ ಎರಡು ಪ್ರತಿ ಕಳಿಸಬೇಕಿತ್ತು. ಬರೆದವರು ಯಾರೆಂದು ಪರಿಶೀಲಿಸುವವರಿಗೆ ತಿಳಿಯಬಾರದು, ಅದಕ್ಕೆ ಹೆಸರು ಬೇರೆ ಹಾಳೆಯಲ್ಲಿ. ಕೊನೆಯ ದಿನಾಂಕ ಹತ್ತಿರ ಬಂದಿತ್ತು. ಅಂದು ಓದಿ ನೋಡಲು ಹೊತ್ತಿರಲಿಲ್ಲ.

“ಹಾಕಿಬಿಡಿ ಸರ್, ಪೋಸ್ಟಾಫೀಸ್ ಬಾಗ್ಲು ಹಾಕ್ತಾರೆ. ನಾನು ನೋಡಿದೀನಿ. ಒಂದು ತಪ್ಪೂ ಇಲ್ಲ” ಎಂದಳು ಧನಲಕ್ಷ್ಮಿ.

ಅವರು ಎರಡೂ ಪ್ರತಿಯನ್ನು ಲಕೋಟೆಗೆ ಹಾಕಿ ಓಡಿದರು. ಕೈಬರಹ ಅವಳಲ್ಲೇ ಉಳಿಯಿತು.

ಐದು ತಿಂಗಳಿಗೆ ಉತ್ತರ ಬಂತು. ಪ್ರತಿಗಳನ್ನು ಹಿಂದಿರುಗಿಸಿರಲಿಲ್ಲ, ನಾಲ್ಕು ಸಾಲಿನ ಪತ್ರವಷ್ಟೇ ಇತ್ತು. ಪರಮೇಶ್ವರಪ್ಪನವರು ಅದನ್ನು ತಂದು ಅವಳ ಮುಂದೆ ಕನ್ನಡದಲ್ಲಿ ಹೇಳಿದರು: “ಮಕ್ಕಳ ಮಾತಿಗೆ ಆಧಾರ ಸಾಲದಂತೆ. ನನ್ನ ಊಹೇನೇ ಮಕ್ಕಳ ತಲೆಗೆ ಕಟ್ಟಿದೀನಿ ಅಂತೆ. ಸುಳ್ಳ ಅಂತ ಬಾಯಿಬಿಟ್ಟು ಅಂದಿಲ್ಲ, ಅಷ್ಟೇ.”

“ಇನ್ನೊಂದು ಕಡೆ ಕಳ್ಸೋಣ ಸರ್.”

“ಬೇಡಮ್ಮ. ಮಕ್ಕಳು ಹೇಳಿದ್ದನ್ನ ಹಾಗೇ ಬರೆದಿದ್ದೆ. ಅದನ್ನೇ ನಂಬಲ್ಲ ಅಂದ್ಮೇಲೆ ಏನು ಹೇಳೋದು?”

ಆಮೇಲೆ ಶನಿವಾರಗಳಲ್ಲಿ ಅವರು ಬರಲಿಲ್ಲ. ೯೬ರಲ್ಲಿ, ಪಾಠ ಮಾಡುತ್ತಿದ್ದಾಗಲೇ ಎದೆನೋವು ಬಂದು ತೀರಿಕೊಂಡರೆಂದು ಪೇಪರಿನಲ್ಲಿ ಓದಿ ಧನಲಕ್ಷ್ಮಿ ಆ ದಿನ ಮಷೀನುಗಳಿಗೆ ಮುಸುಕು ಹಾಕಿದಳು.

೨೦೦೧ರಲ್ಲಿ ಕಂಪ್ಯೂಟರ್ ತರಿಸಲು ಜಾಗ ಮಾಡುವಾಗ ಹಳೆಯ ಕಾರ್ಬನ್ ಪೆಟ್ಟಿಗೆಗಳ ಅಡಿಯಲ್ಲಿ ಆ ಕೈಬರಹ ಸಿಕ್ಕಿತು. ಜೊತೆಗೆ ತನ್ನ ಅಭ್ಯಾಸದಂತೆ ತೆಗೆದಿಟ್ಟುಕೊಂಡಿದ್ದ ಒಂದು ಮಸುಕು ಕಾರ್ಬನ್ ಪ್ರತಿ. ಸುಮ್ಮನೆ ಎರಡನ್ನೂ ಅಕ್ಕಪಕ್ಕ ಇಟ್ಟು ಹಾಳೆ ತಿರುವಿದಳು. ಕೈಬರಹದ ಏಳನೆಯ ಹಾಳೆಯ ಕೊನೆಯ ಪದ ‘ಸ್ನೋ’. ಎಂಟನೆಯ ಹಾಳೆಯ ಕೊನೆಯ ಪದವೂ ‘ಸ್ನೋ’. ಅವರು ಹಾಳೆಗಳಿಗೆ ನಂಬರು ಹಾಕಿರಲಿಲ್ಲ. ಅವಳ ಕಣ್ಣು ಒಂದು ‘ಸ್ನೋ’ವಿನಿಂದ ಇನ್ನೊಂದಕ್ಕೆ ಜಿಗಿದಿತ್ತು; ಓದುವವರಿಗೆ ಸಾಲು ಮುರಿದದ್ದೂ ಗೊತ್ತಾಗುವಂತಿರಲಿಲ್ಲ. ಎಂಟನೆಯ ಹಾಳೆ ಪೂರ್ತಿ ಬಿಟ್ಟುಹೋಗಿತ್ತು.

ಆ ಹಾಳೆಯನ್ನು ಅವಳು ಡಿಕ್ಷನರಿ ಹಿಡಿದು, ಬದುಕಿನಲ್ಲೇ ಮೊದಲ ಸಲ, ಅರ್ಥಕ್ಕಾಗಿ ಓದಿದಳು. ಅದರಲ್ಲಿದ್ದದ್ದು ಮಕ್ಕಳ ಮಾತು ಮಾತ್ರ. ಒಂದೊಂದು ಮಗುವಿನ ಹೆಸರು, ತರಗತಿ, ಆಡಿದ ಮಾತು. ಆರನೇ ಕ್ಲಾಸಿನ ದ್ಯಾಮಮ್ಮ ಎಂಬ ಹುಡುಗಿ ಹೇಳಿದ್ದಳು: ‘ಶಿಫ್ಟ್ ಮುಗಿಸಿ ಬರುವಾಗ ನಮ್ಮಪ್ಪನ ತಲೆಯ ಮೇಲೆ ಬೆಳ್ಳಗೆ ಇರುತ್ತದಲ್ಲ, ಅದೇ ಸ್ನೋ. ಅಮ್ಮ ಟವೆಲ್ಲಿನಿಂದ ಹೊಡೆದರೆ ಬೀಳುತ್ತದೆ.’

ಅಂದಿನಿಂದ ದನಿ ಶುರುವಾಯಿತು. ಮಧ್ಯಾಹ್ನ ಕಲಿಯುವವರೆಲ್ಲ ಊಟಕ್ಕೆ ಹೋಗಿ ಮಷೀನುಗಳು ಸುಮ್ಮನಾದ ಹೊತ್ತಿನಲ್ಲಿ ಪರಮೇಶ್ವರಪ್ಪನವರು ಓದುತ್ತಿದ್ದರು, ಕಾಮಾ, ಫುಲ್‌ಸ್ಟಾಪ್ ಸಮೇತ. ‘ಸ್ನೋ’ ಎಂಬಲ್ಲಿಗೆ ಬಂದು ನಿಂತುಬಿಡುತ್ತಿದ್ದರು. ಮುಂದಿನ ಹಾಳೆ ಕೊಡು ಎಂದು ಕಾಯುವವರ ಹಾಗೆ. ಬೆನ್ನ ಹಿಂದೆ ಉಸಿರಾಟ ಕೇಳಿಸುತ್ತಿತ್ತು. ಅವಳು ರೇಡಿಯೊ ಹಾಕಿದಳು, ಅವರು ಕೂರುತ್ತಿದ್ದ ಕುರ್ಚಿಯನ್ನು ಪಕ್ಕದ ಮನೆಗೆ ಕೊಟ್ಟಳು. ಏನೂ ಉಪಯೋಗವಾಗಲಿಲ್ಲ. ಅನ್ನದ ಮುಂದೆ ಕೂತರೂ ಆ ನಿಲ್ಲುವಿಕೆಯೇ ಕಿವಿಯಲ್ಲಿ.

ಪರಮೇಶ್ವರಪ್ಪನವರ ಶಿಷ್ಯೆ ಸಮತಾ ಆಗ ಶಿವಮೊಗ್ಗದಲ್ಲೇ ಲೆಕ್ಚರರ್ ಆಗಿದ್ದಳು. ಧನಲಕ್ಷ್ಮಿ ತಡೆಯಲಾರದೆ ಅವಳಿಗೆ ಎಲ್ಲವನ್ನೂ ಹೇಳಿದಳು. ಸಮತಾ ಎಂಟನೆಯ ಹಾಳೆಯನ್ನು ಎರಡು ಸಲ ಓದಿದಳು.

“ಅಕ್ಕ, ಅದೇ ಪತ್ರಿಕೆಗೆ ಪೂರ್ತಿ ಕಳ್ಸೋಣ. ತೀರಿಕೊಂಡವರ ಲೇಖನಾನೂ ತಗೋತಾರೆ. ಆದ್ರೆ ಮನೆಯವರ ಒಪ್ಪಿಗೆ ಪತ್ರ ಬೇಕು.”

ಹಾಗಾಗಿ ಧನಲಕ್ಷ್ಮಿ ಭದ್ರಾವತಿಯ ಬಸ್ಸು ಹತ್ತಿದಳು. ಹಳೇ ನಗರದ ಬಾಡಿಗೆ ಮನೆಯಲ್ಲಿ ಪರಮೇಶ್ವರಪ್ಪನವರ ಹೆಂಡತಿ ಪುಟ್ಟಲಕ್ಷ್ಮಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಧನಲಕ್ಷ್ಮಿ ನಿಂತುಕೊಂಡೇ ಹೇಳಿ ಮುಗಿಸಿದಳು. ಬೈದರೆ ಬೈಯಲಿ ಎಂದು ತಯಾರಾಗಿದ್ದಳು.

ಪುಟ್ಟಲಕ್ಷ್ಮಿ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದರು. “ಆ ಕಾಗದ ಬಂದ ದಿನ ನಾನೂ ಕೇಳಿಬಿಟ್ಟೆ ಕಣಮ್ಮ. ‘ನಿಜವಾಗ್ಲೂ ಮಕ್ಕಳೇ ಹಂಗಂದ್ವಾ, ನೀವೇ ಕಟ್ಟಿದ್ರಾ?’ ಅಂತ. ಅವರು ನನ್ನ ಮುಖ ನೋಡಿದ್ರು. ಆಮೇಲೆ ಮನೇಲಿ ಒಂದು ಸಾಲೂ ಬರೀಲಿಲ್ಲ.”

“ತಪ್ಪು ನಂದಮ್ಮ.”

“ನಿಂದು ಕಣ್ಣು ತಪ್ಪಿದ್ದು. ನಾನು ಎದುರಿಗೆ ಕೂತು ಅಂದಿದ್ದೆ.”

ಅವರು ಕ್ಷಮಿಸಿದೆ ಎನ್ನಲಿಲ್ಲ, ಧನಲಕ್ಷ್ಮಿಯೂ ಕೇಳಲಿಲ್ಲ. ಒಪ್ಪಿಗೆ ಪತ್ರಕ್ಕೆ ಕನ್ನಡದಲ್ಲಿ ಸಹಿ ಹಾಕಿ, ಹೊರಡುವಾಗ ಒಂದು ಸೇರು ಅವರೆಕಾಳು ಕಟ್ಟಿಕೊಟ್ಟರು.

ಲೇಖನವನ್ನು ಧನಲಕ್ಷ್ಮಿ ಹೊಸ ಕಂಪ್ಯೂಟರಿನಲ್ಲಿ ಮತ್ತೆ ಟೈಪ್ ಮಾಡಿದಳು. ಎಂಟನೆಯ ಹಾಳೆಗೆ ಬಂದಾಗ ಒಂದೊಂದು ಪದವನ್ನೂ ಎರಡೆರಡು ಸಲ ತಾಳೆ ನೋಡಿದಳು; ಅದೊಂದಕ್ಕೇ ಎರಡು ದಿನ ಹಿಡಿಯಿತು. ಕೊನೆಯಲ್ಲಿ ಅಡಿಟಿಪ್ಪಣಿಯೊಂದನ್ನು ಸಮತಾಳಿಂದ ಇಂಗ್ಲಿಷಿನಲ್ಲಿ ಬರೆಸಿ ಸೇರಿಸಿದಳು: ‘೧೯೯೪ರ ಪ್ರತಿಯಲ್ಲಿ ಟೈಪಿಸ್ಟ್ ಎಂ. ಧನಲಕ್ಷ್ಮಿಯ ತಪ್ಪಿನಿಂದ ಒಂದು ಹಾಳೆ ಬಿಟ್ಟುಹೋಗಿತ್ತು. ಲೇಖಕರು ಸತ್ಯವನ್ನೇ ಬರೆದಿದ್ದರು.’

೨೦೦೩ರಲ್ಲಿ ಲೇಖನ ಅಚ್ಚಾಯಿತು. ಪರಮೇಶ್ವರಪ್ಪನವರ ಹೆಸರಿನ ಕೆಳಗೆ ಹುಟ್ಟಿದ, ತೀರಿಕೊಂಡ ವರ್ಷಗಳಿದ್ದವು. ಎಂಟನೆಯ ಹಾಳೆ ಒಂದಕ್ಷರವೂ ಬಿಡದಂತೆ ಇತ್ತು. ಅಡಿಟಿಪ್ಪಣಿ ಇರಲಿಲ್ಲ. ಸಂಪಾದಕರು ಅದು ಅನಗತ್ಯವೆಂದು ತೆಗೆದಿದ್ದರು.

“ಬಿಡಿ ಅಕ್ಕ, ಇನ್ನಾದ್ರೂ ನಿಶ್ಚಿಂತೆಯಿಂದಿರಿ” ಎಂದಳು ಸಮತಾ.

ನಿಶ್ಚಿಂತೆ ಬರಲಿಲ್ಲ. ಹೇಳಬೇಕಾದವರಿಗೆಲ್ಲ ಹೇಳಿದರೂ ಆ ಮಾತು ಅಚ್ಚಿನಲ್ಲಿ ಎಲ್ಲೂ ನಿಲ್ಲಲಿಲ್ಲವೆಂಬುದು ಅವಳನ್ನು ಕೊರೆಯುತ್ತಲೇ ಇತ್ತು. ಕೆಲವು ತಿಂಗಳು ಮಧ್ಯಾಹ್ನಗಳು ಸುಮ್ಮನಿದ್ದವು. ಮಳೆಗಾಲ ಕಳೆದ ಮೇಲೆ ಪರಮೇಶ್ವರಪ್ಪನವರು ಮತ್ತೆ ಓದತೊಡಗಿದರು. ಈ ಸಲ ಹಿಮದ ಲೇಖನವಲ್ಲ. ಅವಳು ಯಾವತ್ತೂ ಟೈಪ್ ಮಾಡದ, ಎಲ್ಲೂ ಕೇಳದ ಸಾಲುಗಳು. ಎಲ್ಲೂ ನಿಲ್ಲದೆ, ಪುಟದ ಮೇಲೆ ಪುಟ.

ಸಮತಾ ಒಮ್ಮೆ ಕೇಳಿದಳು: “ಏನು ಓದ್ತಾರಕ್ಕ?”

“ಆ ಕಾಗದ ಬಂದ್ಮೇಲೆ ಬರೀದೇ ಬಿಟ್ರಲ್ಲ ಮಾರಾಯ್ತಿ, ಅವು ಇರ್ಬೇಕು” ಎಂದಳು ಧನಲಕ್ಷ್ಮಿ.

ಆ ಹೊತ್ತಿನಲ್ಲಿ ಅವಳು ಕೀಬೋರ್ಡಿನ ಮೇಲೆ ಬೆರಳಿಟ್ಟು ಕೂರುತ್ತಿದ್ದಳು. ಒಂದು ಪದವನ್ನಾದರೂ ಹಿಡಿಯಲು ನೋಡುತ್ತಿದ್ದಳು. ದನಿ ಸ್ಪಷ್ಟವಾಗಿಯೇ ಇರುತ್ತಿತ್ತು, ಆದರೆ ಅಕ್ಷರ ಸಿಗುತ್ತಿರಲಿಲ್ಲ. ಎರಡೂವರೆಗೆ ಹುಡುಗಿಯರು ಊಟ ಮುಗಿಸಿ ಬಂದು ಚಪ್ಪಲಿ ಬಿಟ್ಟು ಒಳಗೆ ಕಾಲಿಡುವವರೆಗೂ ಅವಳು ಹಾಗೇ ಕೂತಿರುತ್ತಿದ್ದಳು.