ಅತ್ತೆಯ ಕಾಲಿನ ಬೆಳ್ಳಿಪಟ್ಟಿ

"ಎಲ್ಲಿ, ಒಸಿ ಬಿಚ್ಚು ನೋಡನ."

ನಮ್ಮ ಸೋದರತ್ತೆ ಸಣ್ಣತಾಯಮ್ಮನ ಕಾಲು ಕೆಡುವುದಕ್ಕೆ ಕಾರಣವಾಗಿದ್ದು ಈ ಒಂದು ಮಾತು. ಬಿಸಿನೀರು ಎರಡನೆಯ ಕಾರಣ.

ಅತ್ತೆಯ ಊರು ತೆರಕಣಾಂಬಿ. ಕಳೆದ ತಿಂಗಳು ಅರಿಸಿನ ಬೇಯಿಸುವಾಗ ಕೊಪ್ಪರಿಗೆ ವಾಲಿ, ಕುದಿಯುವ ನೀರು ಎಡಗಾಲ ಪಾದದ ಮೇಲೆ ಸುರಿಯಿತು. ಅತ್ತೆಗೆ ಸಕ್ಕರೆ ಕಾಯಿಲೆ ಬೇರೆ. ಅಕ್ಕಪಕ್ಕದವರು ಓಡಿ ಬಂದು ಅರಿಸಿನದ ಪುಡಿಯನ್ನೇ ಮೆತ್ತಿದರು (ಸುಟ್ಟಿದ್ದೂ ಅದೇ, ಮದ್ದೂ ಅದೇ). ಸುದ್ದಿ ತಿಳಿದ ನಾನು ಚಾಮರಾಜನಗರದಿಂದ ಕಾರು ಮಾಡಿಕೊಂಡು ಹೋಗಿ, ಅವರನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದೆ.

ಅಲ್ಲಿನ ಡಾಕ್ಟರು ಗಾಯ ತೊಳೆದು, ಬೂದುಬಣ್ಣದ ಒಂದು ತೆಳು ಹಾಳೆಯನ್ನು ಅದರ ಮೇಲೆ ಹರಡಿ ಬ್ಯಾಂಡೇಜು ಸುತ್ತಿದರು. ಇದು ನ್ಯಾನೊ ಸಿಲ್ವರ್, ಮುಂದಿನ ವಾರ ನಾನೇ ಬಿಚ್ಚುತ್ತೇನೆ, ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ ಎಂದರು.

ನನಗೆ ಖುಷಿಯೋ ಖುಷಿ. ಈಚೆಗಷ್ಟೇ ಇದೇ ಅಂಕಣದಲ್ಲಿ ನ್ಯಾನೊ ತಂತ್ರಜ್ಞಾನದ ಬಗ್ಗೆ ಬರೆದು ನಿಮ್ಮ ತಲೆ ತಿಂದಿದ್ದೆನಲ್ಲ? ಮೀಟರಿನಲ್ಲಿ ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ಚಹಾ ಚೆಲ್ಲಿದರೂ ಕಲೆಯಾಗದ ಬಟ್ಟೆ, ನೀರು ನಿಲ್ಲದ ಗಾಜು, ಕ್ಯಾನ್ಸರಿನ ಗೆಡ್ಡೆಗೇ ಔಷಧಿ ತಲುಪಿಸುವ ಪ್ರಯೋಗ, ಎಲ್ಲ ಬರೆದಿದ್ದೆ. ಬೆಳ್ಳಿಯನ್ನು ಅಷ್ಟು ಸಣ್ಣದು ಮಾಡಿದರೆ ಅದರ ಮೈಯೆಲ್ಲ ಹೊರಗೇ ಇರುತ್ತದೆ. ಗಾಯದ ತೇವ ತಗುಲಿದಂತೆ ಸ್ವಲ್ಪಸ್ವಲ್ಪವೇ ಕರಗಿ ಹೊರಬಂದು ರೋಗಾಣುಗಳನ್ನು ಕೊಲ್ಲುತ್ತದೆ. ಅದಕ್ಕೆ ಬೇಕಾದ್ದು ಒಂದೇ. ಅದನ್ನು ಅದರ ಪಾಡಿಗೆ ಬಿಡಬೇಕು.

ನಮ್ಮ ಕಡೆ ಯಾರನ್ನಾದರೂ, ಯಾವುದನ್ನಾದರೂ ಅದರ ಪಾಡಿಗೆ ಬಿಟ್ಟದ್ದುಂಟೇ?

ಅತ್ತೆ ಮನೆಗೆ ಬಂದ ಮರುದಿನವೇ ಹರವೆಯಿಂದ ಬೀಗಿತ್ತಿ ಬಂದರು, ಅಂದರೆ ಅತ್ತೆಯ ಮಗಳ ಅತ್ತೆ. ಕಿತ್ತಳೆ ಹಣ್ಣು ಕೊಟ್ಟು, ಕಾಫಿ ಕುಡಿದು, ಕಾಲ ಬಳಿ ಕೂತು, ಮೇಲೆ ಹೇಳಿದ ಮಾತು ಆಡಿದರು. ಬೀಗಿತ್ತಿಗೆ ಇಲ್ಲ ಅನ್ನಲಾದೀತೇ? ಅತ್ತೆ ಬಿಚ್ಚಿದರು. ಅವರಿಗೆ ತೋರಿಸಿದ ಮೇಲೆ ಪಕ್ಕದ ಮನೆಯವರಿಗೆ ತೋರಿಸದಿದ್ದರೆ ಹೇಗೆ? ಅವರಿಗೂ ಬಿಚ್ಚಿದ್ದಾಯಿತು. ಬೆಳ್ಳಿ ಅಂತೀರಿ, ಇದು ಕರ್ರಗದೆಯಲ್ಲ ಎಂದು ಒಬ್ಬರು ಉಗುರಿನಿಂದ ಕೆರೆದು ನೋಡಿದರಂತೆ. ಇನ್ನೊಬ್ಬರು, ಬೆಳ್ಳಿ ಇದ್ದರೆ ಇರಲಿ, ಜೊತೆಗೆ ಇದೂ ಇರಲಿ ಎಂದು ಚಿಟಿಕೆ ಅರಿಸಿನ ಉದುರಿಸಿದರಂತೆ. ಇದೆಲ್ಲ ಅತ್ತೆಯ ಸೊಸೆ ರತ್ನ ನನಗೆ ಆಮೇಲೆ ಹೇಳಿದ್ದು.

ಮುಂದಿನ ವಾರ ಡಾಕ್ಟರು ಬ್ಯಾಂಡೇಜು ಬಿಚ್ಚಿದರೆ ಒಳಗೆ ಕೀವು. ಯಾರು ಬಿಚ್ಚಿದ್ದು ಎಂದು ಕೇಳಿದರು. ನಾವೆಲ್ಲ ಫ್ಯಾನು ನೋಡಿದೆವು.

ಅವರು ಬೈಯಲಿಲ್ಲ. ಇನ್ನೊಂದು ಹಾಳೆ ಹಾಕುತ್ತೇನೆ, ಈ ಸಲವೂ ಹೀಗೇ ಆದರೆ ಸತ್ತ ಭಾಗ ತೆಗೆದು ತೊಡೆಯ ಚರ್ಮ ತಂದು ಕೂರಿಸಬೇಕಾಗುತ್ತದೆ, ಸಕ್ಕರೆ ಕಾಯಿಲೆ ಇರುವುದರಿಂದ ಅದೂ ಕೂರುತ್ತದೆ ಎಂದು ಹೇಳಲಾರೆ ಎಂದರು.

ಹೊರಗೆ ಬೆಂಚಿನ ಮೇಲೆ ಅತ್ತೆ ನನ್ನ ಕೈ ಹಿಡಿದುಕೊಂಡರು. "ಸುಟ್ಟಿರೋ ಕಾಲು ಏನಾರ ಆಗ್ಲಿ ಕಣ್ಲಾ. ಚೆನ್ನಾಗಿರೋ ತೊಡೆನ ಯಾಕ್ಲಾ ಕುಯ್ಯದು? ನಂಗೆ ಭಯ ಆಯ್ತದೆ."

ಕೊಪ್ಪರಿಗೆ ಮುಂದೆ ನಿಂತು ಗಂಡಸರಿಗೆ ಕೆಲಸ ಹೇಳುವ ಹೆಂಗಸು. ಆಕೆಯ ಬಾಯಲ್ಲಿ ಭಯ ಎನ್ನುವ ಮಾತನ್ನು ನಾನು ಕೇಳಿಯೇ ಇರಲಿಲ್ಲ.

ಸರಿ, ರಜೆ ಹಾಕಿ ತೆರಕಣಾಂಬಿಯಲ್ಲೇ ಕಾವಲು ಕೂತೆ. ಬಂದವರಿಗೆಲ್ಲ ನ್ಯಾನೊ ವಿವರಿಸಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳು ಒಳಗೆ ಕೆಲಸ ಮಾಡುತ್ತಿವೆ, ಬಿಚ್ಚಿದರೆ ಕೆಲಸ ಕೆಡುತ್ತದೆ, ಹೊರಗಿನ ರೋಗಾಣು ಒಳಗೆ ಹೋಗುತ್ತದೆ ಎಂದೆ. ಒಬ್ಬ ಹಿರಿಯರು ಎಲೆಯಡಿಕೆ ಮೆಲ್ಲುತ್ತ ಪೂರ್ತಿ ಕೇಳಿದರು. ಮಧ್ಯೆ ಒಳ್ಳೆಯ ಪ್ರಶ್ನೆಯನ್ನೂ ಕೇಳಿದರು. ನನಗೆ ಹೆಮ್ಮೆ. ಕೊನೆಗೆ ಅವರು ಹೇಳಿದ್ದು: "ಸರಿ ಬುಡಪ್ಪ, ಗೊತ್ತಾಯ್ತು. ಈಗ ಒಸಿ ಬಿಚ್ಚು ನೋಡನ."

ಬಿಚ್ಚಲು ಬಿಡಲಿಲ್ಲ. ಅವರು ಮುಖ ಊದಿಸಿಕೊಂಡು ಹೋದರು. ತನ್ನ ಮನೆಗೆ ಬಂದವರು ಹಾಗೆ ಹೋದರಲ್ಲ ಎಂದು ಅತ್ತೆ ಮಧ್ಯಾಹ್ನ ಸರಿಯಾಗಿ ಊಟ ಮಾಡಲಿಲ್ಲ.

ಇದು ಬರೀ ಕುತೂಹಲವೆಂದು ನಾನು ತಿಳಿದಿದ್ದೆ. ಅಲ್ಲ. ನಮ್ಮಲ್ಲಿ ಕಾಯಿಲೆ ಎನ್ನುವುದು ಮಲಗಿದವರೊಬ್ಬರದೇ ಸ್ವತ್ತಲ್ಲ. ಬಸ್ಸು ಹಿಡಿದು, ಹಣ್ಣು ಕಟ್ಟಿಸಿಕೊಂಡು ಬಂದವರಿಗೆ ಅದರಲ್ಲಿ ಪಾಲಿದೆ. ಅವರಿಗೆ ಬರೀ ಬ್ಯಾಂಡೇಜು ತೋರಿಸಿ ಕಳಿಸುವುದು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದಂತೆ. (ಪೇಟೆಯವರು ನಗಬೇಡಿ. ಹೃದಯದ ಆಪರೇಷನ್ನಿನ ಸಿ.ಡಿ.ಯನ್ನು ಬ್ಯಾಗಿನಲ್ಲಿಟ್ಟುಕೊಂಡು ಓಡಾಡುವ ಮಿತ್ರರು ನನಗಿದ್ದಾರೆ.)

ಮರುದಿನ ಹರವೆಯ ಬೀಗಿತ್ತಿ ಮತ್ತೆ ಬಂದರು. ಅತ್ತೆಯ ಕೈ ಆಗಲೇ ಬ್ಯಾಂಡೇಜಿನ ಗಂಟಿನ ಮೇಲಿತ್ತು.

ಆಗ ನೆನಪಾಯಿತು. ಆಸ್ಪತ್ರೆಯಲ್ಲಿ ಹೊಸ ಹಾಳೆ ಹಾಕುವ ಮುನ್ನ ನಾನು ಮೊಬೈಲಿನಲ್ಲಿ ಗಾಯದ ಫೋಟೋ ತೆಗೆದಿದ್ದೆ. ಅಂಕಣದ ಜೊತೆ ಹಾಕಿಸುವ ಆಸೆಯಿತ್ತು. ಜನ ತಿಂಡಿ ತಿನ್ನುತ್ತ ಓದುವ ಪುಟದಲ್ಲಿ ಇದೆಂಥದು ಎಂದು ಸಂಪಾದಕರು ಒಪ್ಪಿರಲಿಲ್ಲ. ಅದನ್ನೇ ತೆಗೆದು ಬೀಗಿತ್ತಿಯ ಮುಂದೆ ಹಿಡಿದೆ.

ಅವರು ಕನ್ನಡಕ ಹಾಕಿಕೊಂಡರು. ಮೊಬೈಲನ್ನು ಬೆಳಕಿಗೆ ತಿರುಗಿಸಿ ನೋಡಿದರು. ಚ್ ಚ್ ಎಂದರು. ಕಣ್ಣೊರೆಸಿಕೊಂಡರು. ಕಾಲು ಮುಟ್ಟದೆಯೇ ಎದ್ದು ಹೋದರು.

ನಾನು ಸಂಜೆಯ ಬಸ್ಸಿಗೇ ಗುಂಡ್ಲುಪೇಟೆಗೆ ಹೋಗಿ ಸ್ಟುಡಿಯೋದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಸ್ಟುಡಿಯೋದವನು ಅಭ್ಯಾಸಬಲದಿಂದ ಗಾಯವನ್ನು ಸ್ವಲ್ಪ ಬೆಳ್ಳಗೆ ಮಾಡಿಬಿಟ್ಟಿದ್ದ. ಬೇಡಪ್ಪ, ಕೆಂಪಗೇ ಇರಲಿ ಎಂದು ಮತ್ತೆ ಹಾಕಿಸಿದೆ. ಲ್ಯಾಮಿನೇಷನ್ನೂ ಆಯಿತು.

ಅಲ್ಲಿಂದಾಚೆಗೆ ಮನೆಗೆ ಬಂದವರಿಗೆಲ್ಲ ಮೊದಲು ಕಾಫಿ, ಆಮೇಲೆ ಫೋಟೋ. ರತ್ನ ಲೋಟದ ಜೊತೆಯಲ್ಲೇ ತಂದುಕೊಡುತ್ತಿದ್ದಳು. ಎಲ್ಲರೂ ಕೈಗೆ ತೆಗೆದುಕೊಂಡು ನೋಡಿದರು, ಮರುಗಿದರು, ತಮ್ಮ ಮನೆಯ ಸುಟ್ಟ ಗಾಯಗಳ ಕಥೆ ಹೇಳಿದರು. ಬ್ಯಾಂಡೇಜಿನ ಕಡೆಗೆ ಯಾರೂ ಕೈ ಚಾಚಲಿಲ್ಲ. ಮುಖ ಊದಿಸಿಕೊಂಡಿದ್ದ ಹಿರಿಯರೂ ಬಂದು ನೋಡಿ ಸಮಾಧಾನ ಹೇಳಿ ಹೋದರು. ಅತ್ತೆ ಅಂದು ಎರಡು ಮುದ್ದೆ ಉಂಡರು.

ಮೊನ್ನೆ ಮೈಸೂರಿಗೆ ಹೋದೆವು. ಡಾಕ್ಟರು ಹಾಳೆ ಎತ್ತಿದಾಗ ನಾನು ಗೋಡೆ ನೋಡುತ್ತಿದ್ದೆ, ಧೈರ್ಯ ಸಾಲದೆ. ಗುಡ್ ಎಂದರು. ಕೀವಿಲ್ಲ. ಅಂಚಿನಲ್ಲಿ ಹೊಸ ಚರ್ಮ ಗುಲಾಬಿ ಬಣ್ಣದಲ್ಲಿ ಮೂಡುತ್ತಿತ್ತು. ತೊಡೆಯ ಮಾತು ಅಲ್ಲಿಗೆ ಮುಗಿಯಿತು. ಅತ್ತೆ ಅಲ್ಲೇ ಕೈ ಮುಗಿದರು. ಡಾಕ್ಟರಿಗೋ ದೇವರಿಗೋ ತಿಳಿಯಲಿಲ್ಲ.

ವಿಜ್ಞಾನಿಗಳು ಕಣ್ಣಿಗೆ ಕಾಣದ್ದನ್ನು ಮಾಡುತ್ತ ಹೋಗುತ್ತಿದ್ದಾರೆ. ಮಾಡಲಿ, ಆ ಬೆಳ್ಳಿಗೆ ನನ್ನದೂ ಒಂದು ನಮಸ್ಕಾರ. ಆದರೆ ಅದು ಕೆಲಸ ಮಾಡುವವರೆಗೆ ನೆಂಟರ ಕಣ್ಣಿಗೆ ಏನು ಕೊಡುವುದು ಎಂದು ಯಾವ ಲ್ಯಾಬಿನಲ್ಲಾದರೂ ಯೋಚಿಸಿದ್ದಾರೆಯೇ?

ಮನೆಗೆ ಬಂದ ಮೇಲೆ, ಇನ್ನು ಇದೇಕೆ ಎಂದು ಫೋಟೋ ಕತ್ತರಿಸಲು ಹೋದೆ. ಅತ್ತೆ ಕಸಿದುಕೊಂಡು ದಿಂಬಿನ ಕೆಳಗಿಟ್ಟರು. ಬೇಗೂರಿನ ನೆಂಟರು ಇನ್ನೂ ಬಂದಿಲ್ಲವಂತೆ.

"ವಾಸಿಯಾಗಿರೋ ಕಾಲ ನೋಡಕೆ ಯಾರಾರ ಬಸ್ಸತ್ಕೊಂಡು ಬತ್ತಾರೇನ್ಲಾ?"