ಎದುರುಮನೆಯ ನಟಿಯ ಒಂದೇ ಕನ್ನಡ ಮಾತು

ಮಾತು ಮುಗಿದ ಮೇಲೂ ಅವರ ಬಲಗೈ ಒಂದು ಕ್ಷಣ ಇದ್ದಲ್ಲೇ ಇರುತ್ತಿತ್ತು. ಬೆಳಿಗ್ಗೆ ಕಸದ ಡಬ್ಬಿಯನ್ನು ರಸ್ತೆಯಂಚಿಗೆ ಎಳೆದು ತಂದು, ನನ್ನನ್ನು ಕಂಡು ಎತ್ತಿದ ಕೈಯನ್ನೂ ಅವರು ಅವಸರದಲ್ಲಿ ಇಳಿಸುತ್ತಿರಲಿಲ್ಲ. ಮಣಿಕಟ್ಟಿನ ಮೇಲೆ ಹುಣಿಸೆಬೀಜದಷ್ಟು ದೊಡ್ಡ ಸುಟ್ಟ ಕಲೆಯಿತ್ತು. ಮದರಾಸಿನ ಸ್ಟುಡಿಯೊದಲ್ಲಿ ದೀಪ ತಾಗಿದ್ದು ಎಂದು ಆಮೇಲೆ ತಿಳಿಯಿತು.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಡಲ್ಲಾಸಿನಿಂದ ನಾಲ್ಕು ಗಂಟೆ ದಾರಿಯ ಮಿಸೌರಿ ಸಿಟಿಯಲ್ಲಿ ಮನೆ ಮಾಡಿದಾಗ ಅವರು ಎದುರುಮನೆಯಲ್ಲಿ ಮಗಳು, ಮೊಮ್ಮಗಳ ಜೊತೆ ಇದ್ದರು. ಕೊಲಂಬೊದವರು, ಸಿಂಹಳ ನಾಟಕ ಮತ್ತು ಸಿನಿಮಾಗಳ ನಟಿ. ಹುಡುಗಿಯಾಗಿದ್ದಾಗಲೇ ಊರೂರು ಅಲೆಯುವ ನಾಟಕ ಕಂಪನಿ ಸೇರಿದವರು. ಆಗ ಎಷ್ಟೋ ಸಿಂಹಳ ಚಿತ್ರಗಳು ಮದರಾಸಿನಲ್ಲಿ ತಯಾರಾಗುತ್ತಿದ್ದವಂತೆ. ಹಡಗು ಹತ್ತಿ, ರೈಲು ಹಿಡಿದು ಶೂಟಿಂಗಿಗೆ ಬರುತ್ತಿದ್ದರು. ಅವರದು ಅಲ್ಲಿ ಕಲಿತ ತಮಿಳು, ನನ್ನದು ಬೆಂಗಳೂರಿನ ಶ್ರೀರಾಂಪುರದ ತಮಿಳು. ನಡುವಿನ ಸಂದಿಗಳಿಗೆ ಇಂಗ್ಲಿಷ್ ತುಂಬಿಕೊಂಡು ಮಾತಾಡುತ್ತಿದ್ದೆವು. ಇಲ್ಲಿ ಅವರ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ಎಷ್ಟು ಅವರದು, ಎಷ್ಟು ನನ್ನದು ಎಂದು ಈಗ ಬೇರ್ಪಡಿಸಲಾರೆ.

ನಾನು ಅವರನ್ನು ಆಂಟಿ ಅನ್ನುತ್ತಿದ್ದೆ. ಅವರು ನನ್ನನ್ನು ‘ದುವ’ ಎಂದು ಕರೆಯುತ್ತಿದ್ದರು, ಮಗಳೇ ಎಂದರ್ಥ.

ಕೈಯ ವಿಷಯ ಕೇಳಿದಾಗ ನಕ್ಕಿದ್ದರು. “ಮೂವತ್ತು ತುಂಬೋಕೆ ಮುಂಚೇನೇ ನನಗೆ ತಾಯಿ ಪಾರ್ಟ್ ಕೊಟ್ಟರು, ದುವ. ಮಗನ ಪಾರ್ಟ್ ಮಾಡಿದವನು ನನಗಿಂತ ದೊಡ್ಡವನು. ಅವನು ‘ಅಮ್ಮಾ’ ಅಂತ ಕಾಲಿಗೆ ಬಿದ್ದರೆ ನೆತ್ತಿ ಬೋಳಾಗಿರೋದು ಕ್ಯಾಮೆರಾಕ್ಕೆ ಕಾಣ್ತಿತ್ತು. ತಲೆ ಮೇಲೆ ಕೈ ಇಟ್ಟು ಅದನ್ನ ಮುಚ್ಚೋದು ನನ್ನ ಕೆಲಸ. ಕಟ್ ಅನ್ನೋವರೆಗೂ ಕೈ ತೆಗೀಬಾರದು ಅಂತ ಡೈರೆಕ್ಟರ್ ಆರ್ಡರ್. ಅಭ್ಯಾಸ ಹಾಗೇ ಉಳೀತು.”

ಆ ಚಿತ್ರಗಳಲ್ಲಿ ಒಂದೂ ಉಳಿದಿರಲಿಲ್ಲ. ಕೆಲವು ಪ್ರಿಂಟುಗಳು ಗೋಡೌನಿನಲ್ಲಿ ಸುಟ್ಟುಹೋದವು, ಉಳಿದವು ಶೆಕೆಗೆ ಅಂಟಿಕೊಂಡು ಹಾಳಾದವು. ನಾಟಕಗಳಂತೂ ಆಡಿದ ದಿನವೇ ಮುಗಿದವು. ಇದನ್ನೆಲ್ಲ ಅವರು ದುಃಖವಿಲ್ಲದೆ ಹೇಳುತ್ತಿದ್ದರು. ದುಃಖವಿದ್ದದ್ದು ಒಂದೇ ಕಡೆ. ಹೈಸ್ಕೂಲಿನಲ್ಲಿದ್ದ ಮೊಮ್ಮಗಳು ಒಮ್ಮೆ, “ಆಚ್ಚಿ, ನೀನು ಸಿನಿಮಾ ಸ್ಟಾರ್ ಆಗಿದ್ದರೆ ಆ ಸಿನಿಮಾ ಎಲ್ಲಿ?” ಎಂದು ಇಂಗ್ಲಿಷಿನಲ್ಲಿ ಕೇಳಿದ್ದಳಂತೆ. ಅಜ್ಜಿಗೆ ಸಿಂಹಳದಲ್ಲಿ ಆಚ್ಚಿ ಅನ್ನುತ್ತಾರೆ. “ಸುಮ್ಮನೆ ಕೇಳಿದಳು. ನನಗೇ ತೋರಿಸೋಕೆ ಏನೂ ಇರಲಿಲ್ಲ” ಅಂದರು. ಸಾಯುವ ಮುಂಚೆ ಒಂದು ಸಲ ಆ ಹುಡುಗಿ ತಮ್ಮ ಅಭಿನಯ ನೋಡಬೇಕು, ಅಷ್ಟೇ ಅವರ ಆಸೆ.

ಆ ವರ್ಷ ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಒಂದು ನಾಟಕ. ರಿಹರ್ಸಲ್ ನಮ್ಮ ಗರಾಜಿನಲ್ಲಿ, ಕಾರುಗಳನ್ನು ಹೊರಗೆ ನಿಲ್ಲಿಸಿ, ಸೊಳ್ಳೆ ಹೊಡೆಯುತ್ತಾ. ಆಂಟಿ ಕುರ್ಚಿ ತಂದು ನೋಡುತ್ತಾ ಕೂರುತ್ತಿದ್ದರು. ಅಜ್ಜಿಯ ಪಾತ್ರದವರು ಇಂಡಿಯಾಕ್ಕೆ ಹೊರಟುನಿಂತಾಗ ನಾನೇ ಅವರ ಹೆಸರು ಹೇಳಿದೆ. ಅಜ್ಜಿಗಿದ್ದದ್ದು ಒಂದೇ ಮಾತು: ಊರಿಗೆ ಮರಳಿದ ಮೊಮ್ಮಗಳ ತಲೆ ನೇವರಿಸಿ “ಬಂದ್ಯಾ? ಊಟ ಆಯ್ತಾ?” ಅನ್ನಬೇಕು. ಅದನ್ನು ಅವರು ವಾರಗಟ್ಟಲೆ ಪಾತ್ರೆ ತೊಳೆಯುತ್ತಾ, ಬಟ್ಟೆ ಮಡಚುತ್ತಾ ಹೇಳಿಕೊಂಡರು.

ನಾಟಕ ಆಡಿಸುತ್ತಿದ್ದ ಅಂಕಲ್‌ಗೆ ಸಮಾಧಾನವಿಲ್ಲ. “ಜೋರಾಗಿ, ಆಂಟಿ! ಹಿಂದಿನ ಸಾಲಿಗೆ ಕೇಳ್ಬೇಕು. ನಮ್ಮ ಜನ ಚಿತ್ರಾನ್ನ ತಿಂತಾ ಕೂತಿರ್ತಾರೆ.”

“ಹಾಗಿದ್ದರೆ ಇನ್ನೂ ಮೆಲ್ಲಗೆ ಹೇಳ್ತೀನಿ” ಅಂದರು ಆಂಟಿ. “ತಿನ್ನೋದು ನಿಲ್ಲಿಸಿ ಕೇಳಲಿ.”

ಅಜ್ಜಿಯ ಮೇಲೆ ಮುನಿಸಿಕೊಂಡ ಮಗಳ ಪಾತ್ರ ನನ್ನದು. ಅವರಿಗೆ ಬೆನ್ನು ಮಾಡಿ ಕೂತಿರಬೇಕು. “ನಾನು ಮಾತಾಡಿದ ಮೇಲೂ ತಿರುಗಬೇಡ” ಎಂದು ಹೇಳಿಕೊಟ್ಟರು. “ನಿನ್ನ ಬೆನ್ನಿಗೆ ಕೇಳಿಸಲಿ.”

ನಾಟಕದ ದಿನವೇ ಮೊಮ್ಮಗಳಿಗೆ ಡಲ್ಲಾಸ್‌ನಲ್ಲಿ ಬ್ಯಾಂಡ್ ಸ್ಪರ್ಧೆ ಬಂತು. ಪರವಾಗಿಲ್ಲ, ವಿಡಿಯೊ ಮಾಡಿಸುತ್ತೇವಲ್ಲ ಅಂದೆವು. ಕ್ಯಾಮೆರಾ ಹಿಡಿದವರು ಧಾರವಾಡದ ಒಬ್ಬರು. ವೇದಿಕೆಯ ಮೇಲೆ ಮೊಮ್ಮಗಳಾಗಿದ್ದ ಪುಟ್ಟ ಹುಡುಗಿ ಅವರ ಮಗಳೇ.

ಮುಂದಿನ ವಾರ ಆಂಟಿಯ ಮನೆಯಲ್ಲಿ ಎಲ್ಲರೂ ಕೂತು ಕ್ಯಾಸೆಟ್ ಹಾಕಿದೆವು. ಬ್ಯಾಂಡಿನ ಜಾಕೆಟ್ ತೊಟ್ಟ ಮೊಮ್ಮಗಳು ನೆಲದ ಮೇಲೆ ಕೂತಿದ್ದಳು. ಆಂಟಿಯ ಪ್ರವೇಶ ಬಂದಾಗ ಪರದೆಯ ತುಂಬ ಆ ಪುಟ್ಟ ಹುಡುಗಿಯ ಮುಖ. ಎಷ್ಟು ಹೊತ್ತಾದರೂ ಅದೇ ಮುಖ. ಮೇಲಿನಿಂದ ಒಂದು ಕೈ ಇಳಿದು ತಲೆಯ ಮೇಲೆ ಕೂತಿತು, ಒಂದು ದನಿ ಕೇಳಿತು, ಅಷ್ಟೇ.

ನಾನು ಫೋನ್ ಮಾಡಿ ಕೇಳಿದರೆ ಧಾರವಾಡದವರಿಗೆ ಸಂಭ್ರಮ: “ನಮ್ಮ ಕೂಸಿನ ಮುಖಾ ಎಷ್ಟ್ ಚಂದ ಬಂದದ ನೋಡಿದ್ರೇನ್ರಿ?” ಆಮೇಲೆ ಅರ್ಥವಾಗಿ, “ಅಯ್ಯ, ಆಂಟಿ ಭಾಳ ಎತ್ತರ ಇದ್ರಲ್ರೀ... ಇಬ್ಬರೂ ಹಿಡೀಲಿಲ್ಲ” ಎಂದು ನೊಂದುಕೊಂಡರು. ಅವರನ್ನು ಬೈಯುವುದು ಹೇಗೆ? ನಮ್ಮಲ್ಲಿ ಎಲ್ಲ ಅಪ್ಪಂದಿರ ಕ್ಯಾಸೆಟ್ಟುಗಳೂ ಹಾಗೆಯೇ ಇರುತ್ತಿದ್ದವು.

ಆಂಟಿ ಮಾತ್ರ ನಕ್ಕರು. “ನನ್ನ ಡೈರೆಕ್ಟರೂ ಹೀಗೇ. ಹೀರೋಯಿನ್ ಬಂದಳೋ, ಉಳಿದವರೆಲ್ಲ ಫ್ರೇಮಿಂದ ಆಚೆ. ಏಳಿ, ಟೀ ಮಾಡ್ತೀನಿ.” ಆ ದಿನ ಅವರ ಕೈ ಮಾತಿನ ಜೊತೆಗೇ ಕೆಳಗಿಳಿಯಿತು. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಆಮೇಲೆ ನಾನೇ ಸೇರಿಸಿಕೊಂಡಿದ್ದೇನೋ ಎಂಬ ಅನುಮಾನವೂ ಇದೆ.

ಡಲ್ಲಾಸ್ ಪಕ್ಕದ ಕಾಪೆಲ್‌ನ ಗೆಳೆಯರು ಯುಗಾದಿಗೆ ಅದೇ ನಾಟಕವನ್ನು ತಮ್ಮಲ್ಲಿ ಆಡಲು ಕರೆದಿದ್ದರು. ಎರಡು ಕ್ಯಾಮೆರಾ ಇಡುವುದೆಂದು ಮಾತಾಗಿತ್ತು, ಮೊಮ್ಮಗಳು ಬರುತ್ತೇನೆಂದಿದ್ದಳು. ಯುಗಾದಿಗೆ ಮುಂಚೆಯೇ, ಒಂದು ಮಧ್ಯಾಹ್ನ ಊಟವಾಗಿ ಮಲಗಿದ ಆಂಟಿ ಏಳಲಿಲ್ಲ. ಹೃದಯ ನಿಂತಿತ್ತು.

ಕೆಲವು ವರ್ಷಗಳ ನಂತರ ನಾವು ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ಗೆ ಶಿಫ್ಟ್ ಆದೆವು. ಆಸ್ಟಿನ್‌ನಲ್ಲಿ ಓದುತ್ತಿದ್ದ ಮೊಮ್ಮಗಳು ಒಂದು ಭಾನುವಾರ ಬಂದಳು. ಊಟವಾದ ಮೇಲೆ ಕೇಳಿದಳು: “ನಾಟಕದ ದಿನ ನೀವು ಅಲ್ಲೇ ಇದ್ದಿರಲ್ಲ. ಆಚ್ಚಿಯ ಮುಖ ಹೇಗಿತ್ತು?”

ನನ್ನ ಆ ದಿನದ ಡೈರಿಯಲ್ಲಿ ‘ಆಂಟಿ ಚೆನ್ನಾಗಿ ಮಾಡಿದರು, ಬಿಸಿಬೇಳೆಬಾತ್ ಸಾಲಲಿಲ್ಲ’ ಎಂದಷ್ಟೇ ಇದೆ. ಆದರೆ ನನ್ನೊಳಗೆ ಒಂದು ಮುಖವಿದೆ. ಕಣ್ಣು ತುಂಬಿದೆ, ತುಟಿ ನಗುತ್ತಿದೆ. ಅದನ್ನು ನಾನು ನೋಡಿರಲು ಸಾಧ್ಯವೇ ಇಲ್ಲ. ಅವರೇ ಹೇಳಿಕೊಟ್ಟಂತೆ ನಾನು ತಿರುಗಿರಲಿಲ್ಲ. ಆ ಮುಖವನ್ನು ಅವಳಿಗೆ ವರ್ಣಿಸಬಹುದಿತ್ತು.

“ನಾನು ಅವರಿಗೆ ಬೆನ್ನು ಮಾಡಿ ಕೂತಿದ್ದೆ. ನೋಡಲಿಲ್ಲ” ಅಂದೆ.

ಕ್ಯಾಸೆಟ್ ಹುಡುಕಿ ಹಾಕಿದೆವು. ಮೊದಲ ಸಲ ನಾನು ಗಮನಿಸದ ಒಂದು ಸಂಗತಿ ಈಗ ಕೇಳಿಸಿತು: ಮಕ್ಕಳ ಗಲಾಟೆ, ತಟ್ಟೆಗಳ ಸದ್ದು, ಆಮೇಲೆ ಆ ಮೆಲುದನಿ, ಆಮೇಲೆ ಸಭಾಂಗಣದಲ್ಲಿ ಒಂದು ತಟ್ಟೆಯ ಸದ್ದೂ ಇಲ್ಲ.

“ಅದರ ಅರ್ಥ ಏನು?” ಎಂದಳು ಹುಡುಗಿ. ಇಷ್ಟು ವರ್ಷ ಅವಳಿಗೆ ಯಾರೂ ಹೇಳಿರಲಿಲ್ಲ.

“ಬಂದೆಯಾ, ಊಟ ಆಯಿತಾ ಅಂತ.”

“ಅಷ್ಟೇನಾ?”

“ಅಷ್ಟೇ.”

“ಸ್ಕೂಲಿಂದ ಬಂದಾಗ ದಿನಾ ಇದನ್ನೇ ಕೇಳುತ್ತಿದ್ದರು, ಸಿಂಹಳದಲ್ಲಿ. ನಾನು ಕಿವಿಯಿಂದ ಹೆಡ್‌ಫೋನ್ ತೆಗೆಯುತ್ತಿರಲಿಲ್ಲ” ಅಂದಳು.

ಪರದೆಯ ಮೇಲೆ ಸುಟ್ಟ ಕಲೆಯ ಆ ಕೈ ಇನ್ನೂ ಮಗುವಿನ ತಲೆಯ ಮೇಲೇ ಇತ್ತು. ರಿಮೋಟ್ ನನ್ನ ಹತ್ತಿರವಿತ್ತು. ನಾನು ನಿಲ್ಲಿಸಲಿಲ್ಲ.