ಟಾಕಿಯ ಬಾಯಿಗೊಂದು ಪೈಪು

ನೀರಿನ ಟಾಕಿಯ ಬಾಯಿಗೂ ಅದಕ್ಕೆ ತೊಡಿಸಬೇಕಾದ ಪೈಪಿನ ಬಾಯಿಗೂ ಹುಟ್ಟಾ ವೈರ. ಪೈಪು ಸಣ್ಣದಾದರೆ ಹಿಗ್ಗುವುದಿಲ್ಲ, ದೊಡ್ಡದಾದರೆ ನಿಲ್ಲುವುದಿಲ್ಲ. ಅಂತೂ ಕೂತಿತು ಎಂದು ನಾವು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಕಿತ್ತುಕೊಂಡು ಬಂದು, ತೊಡಿಸಿದವನಿಗೇ ಮೊದಲ ಅಭಿಷೇಕ ಮಾಡುತ್ತದೆ. ನಿಮ್ಮ ಮನೆಯ ಹಿತ್ತಲಲ್ಲೂ ಇಂಥ ಅಭಿಷೇಕ ನಡೆದಿರಬಹುದು. ಆಗ ನೀವು ನಕ್ಕಿರುತ್ತೀರಿ, ಇಲ್ಲವೇ ಬೈದಿರುತ್ತೀರಿ. ನನಗೆ ಎರಡೂ ಆಗುವುದಿಲ್ಲ. ದಾಂಡೇಲಿಯ ಒಂದು ಬೇಸಿಗೆಯ ಮಧ್ಯಾಹ್ನ ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ಅರವತ್ತರ ದಶಕ ಆಗಷ್ಟೇ ಮೊದಲಾಗಿತ್ತು. ಹಳಿಯಾಳ ರಸ್ತೆಯ ಬದಿಗೆ ಗುತ್ತಿಗೆದಾರರೊಬ್ಬರ ಕಟ್ಟಿಗೆ ಡಿಪೋದಲ್ಲಿ ನಾನು ಗುಮಾಸ್ತನಾಗಿದ್ದೆ. ಸುತ್ತಲೂ ಸಾಗುವಾನಿಯ ದಿಮ್ಮಿಗಳನ್ನು ಆನೆ ಎಳೆಯುತ್ತಿತ್ತು, ಆಳುಗಳು ಉರುಳಿಸುತ್ತಿದ್ದರು. ಲೇಖನಿಗಿಂತ ಭಾರವಾದದ್ದನ್ನು ಎತ್ತದೆ ಅಷ್ಟೂ ಕಟ್ಟಿಗೆಯ ಭಾರ ಹೊತ್ತವನಂತೆ ಏದುಸಿರು ಬಿಡುತ್ತಿದ್ದವನು ನಾನೊಬ್ಬನೇ. ನನ್ನ ಅಧಿಕಾರವೆಂದರೆ ಇಷ್ಟೇ: ದಿಬ್ಬದ ಮೇಲೆ ಕಲ್ಲುಕಟ್ಟೆಯಲ್ಲಿ ಕೂತಿದ್ದ ದೊಡ್ಡ ಕಬ್ಬಿಣದ ಟಾಕಿಯ ಉಸ್ತುವಾರಿ. ಕಾಳಿ ಹೊಳೆಯಿಂದ ಲಾರಿಯಲ್ಲಿ ನೀರು ತಂದು ತುಂಬಿಸಿದರೆ ಆಳುಗಳ ಸಂಸಾರಗಳೆಲ್ಲ ಅದನ್ನೇ ಕುಡಿಯಬೇಕು. "ಇದು ಮಂದಿ ಕುಡಿಯೋ ನೀರು. ಒಂದು ತಂಬಿಗಿ ಬ್ಯಾರೆದಕ್ಕ ಹೋಗಬಾರದು" ಎಂದು ಗುತ್ತಿಗೆದಾರರು ನನಗೆ ತಾಕೀತು ಮಾಡಿದ್ದರು.

ಡಿಪೋದ ಆನೆಯ ಹೆಸರು ಗೌರಿ. ಅದರ ಮಾವುತ ಇಮಾಮಸಾಬ. ಹೆಂಡತಿ ಮಕ್ಕಳಿಲ್ಲದ, ಮಾತೂ ಹೆಚ್ಚಿಲ್ಲದ ಮನುಷ್ಯ. ಇದ್ದಬದ್ದ ಮಾತನ್ನೆಲ್ಲ ಅವನು ಗೌರಿಗಾಗಿಯೇ ಎತ್ತಿಟ್ಟಿದ್ದ. ಅವಳನ್ನು 'ಬೇಟಿ' ಎಂದು ಕರೆಯುತ್ತಿದ್ದ. ಮಗಳಿಗೆ ವಯಸ್ಸಾಗಿತ್ತು, ಅಪ್ಪನಿಗೂ ಆಗಿತ್ತು.

ಆ ದಿನ ಗಾಳಿಯಿಲ್ಲದ ಸುಡುಬಿಸಿಲು. ಗುತ್ತಿಗೆದಾರರು ಬೆಳಗಾವಿಗೆ ಹೋಗಿದ್ದರು. ದಿಬ್ಬದ ಕೆಳಗಿನ ಇಳಿಜಾರಿನಲ್ಲಿ ದಿಮ್ಮಿ ಎಳೆಯುತ್ತಿದ್ದ ಗೌರಿ ನಿಂತಳು, ಕೂತಳು, ಮೆಲ್ಲಗೆ ಒಂದು ಮಗ್ಗುಲಿಗೆ ಒರಗಿಬಿಟ್ಟಳು. ನಾನು ಓಡಿ ಹೋಗಿ ನೋಡಿದಾಗ ಅವಳ ಹೊಟ್ಟೆ ತಿದಿಯಂತೆ ಏರಿಳಿಯುತ್ತಿತ್ತು. ಇಮಾಮಸಾಬ ತಲೆಯ ಬಳಿ ಕೂತು, "ಉಠ್ ಬೇಟಿ, ಉಠ್" ಎಂದು ಎಬ್ಬಿಸುತ್ತಿದ್ದ. ನನ್ನನ್ನು ಕಂಡವನೇ ಕೈ ಹಿಡಿದುಕೊಂಡ.

"ರಾಯರ, ಮೈ ಕೆಂಡ ಆಗೇತಿ. ನೀರು ಬೇಕ್ರಿ. ತಂಪಾದರ ಏಳ್ತಾಳ. ಹಿಂಗ ಮಲಗಿದ್ರ ಉಸಿರು ನಿಲ್ಲತೈತಿ."

ಹಳಿಯಾಳದ ದನದ ಡಾಕ್ಟರನ್ನು ಕರೆತರಲು ಲಾರಿ ಕಳಿಸಿದೆ. ಆಳುಗಳು ತಮ್ಮ ಮನೆಗಳಲ್ಲಿದ್ದ ನೀರನ್ನು ಕೊಡಗಟ್ಟಲೆ ತಂದು ಸುರಿದರು. ಕಾದ ಹಂಚಿನ ಮೇಲೆ ಬಿದ್ದಂತೆ ಅದು ಆ ಮೈಮೇಲೆ ಕಾಣೆಯಾಗುತ್ತಿತ್ತು. ಕೆಟ್ಟು ಮೂಲೆ ಸೇರಿದ್ದ ಪಂಪಿನ ಉದ್ದನೆಯ ಪೈಪೊಂದು ಶೆಡ್ಡಿನಲ್ಲಿತ್ತು. ಅದನ್ನು ಟಾಕಿಗೆ ಜೋಡಿಸಿದರೆ ನೀರು ತಾನಾಗಿ ಗೌರಿಯವರೆಗೆ ಇಳಿದು ಹೋಗುತ್ತದೆ. ಆದರೆ ಅಷ್ಟೂ ಸಂಸಾರಗಳ ಕುಡಿಯುವ ನೀರು! ಟಾಕಿಯ ನೀರು ಬಿಡುವ ಚಕ್ರದ ಮೇಲೆ ಕೈಯಿಟ್ಟು ನಿಂತೆ, ತಿರುಗಿಸಲಾಗಲಿಲ್ಲ.

ದಿಮ್ಮಿಯ ತೊಗಟೆ ಸುಲಿಯುವ ಮರಿಯಾಬಾಯಿ ಎಂಬ ಸಿದ್ದಿ ಹೆಂಗಸು ಅಲ್ಲೇ ಕೊಡ ಹಿಡಿದು ನಿಂತಿದ್ದಳು. ನನ್ನ ಮುಖ ನೋಡಿ ಅವಳಿಗೆ ಎಲ್ಲ ತಿಳಿಯಿತು.

"ಬಿಡ್ರಿ ರಾಯರ ನೀರು. ನಾವು ಹೊಳಿಗೆ ಹೋಗಿ ತರ್ತೇವಿ. ಅದಕ್ಕ ಹೊಳಿಗೆ ಹೋಗಾಕ ಆಗೂದಿಲ್ಲ."

ಹಿಂದಿದ್ದ ಹೆಂಗಸರೂ ಕೊಡ ಕೆಳಗಿಟ್ಟರು. ಆಮೇಲೆ ನಾನು ಯೋಚಿಸಲಿಲ್ಲ.

ಟಾಕಿಯ ಬಾಯಿ ಸಣ್ಣದು, ಪೈಪಿನ ಬಾಯಿ ದೊಡ್ಡದು. ಗೋಣಿತಾಟು ಸುತ್ತಿ, ಪೈಪು ತೊಡಿಸಿ, ಹಗ್ಗ ಬಿಗಿದು ಚಕ್ರ ತಿರುಗಿಸಿದೆ; ಪೈಪು ಹಾರಿಹೋಗಿ ನಾನು ತೊಯ್ದು ತೊಪ್ಪೆಯಾದೆ. ಯಾರೂ ನಗಲಿಲ್ಲ. ಗದ್ದಲ ಕೇಳಿ ಪಕ್ಕದಲ್ಲೇ ಇದ್ದ ನಮ್ಮ ಮನೆಯಿಂದ ಹೊರಗೆ ಬಂದ ನನ್ನ ಹೆಂಡತಿ ಕಮಲಾ ಒಂದು ಗಳಿಗೆ ನೋಡಿದಳು.

"ಏನ್ರೀ, ತಾಟು ತೊಯ್ದ ಮ್ಯಾಲೆ ಜಾರತೈತಿ. ನಿಮ್ಮ ಸೈಕಲ್ ಟ್ಯೂಬ್ ಕೊಯ್ದು ಸುತ್ತರಿ."

ಆ ಸೈಕಲ್ಲನ್ನು ನಾನು ದಿನವೂ ಒರೆಸಿ ಮುದ್ದಿಸುತ್ತಿದ್ದ ಪರಿ ಕಂಡು, ಲಗ್ನ ಅದರ ಜೊತೆಗೇ ಆಗಬಹುದಿತ್ತಲ್ಲ ಎಂದು ಅವಳು ಹಂಗಿಸುವುದಿತ್ತು. ಅಂದು ಇಬ್ಬರೂ ಕೂಡಿ ಅದರ ಟ್ಯೂಬು ಕಿತ್ತು, ಕೊಯ್ದು, ಟಾಕಿಯ ಬಾಯಿಗೆ ಸುತ್ತಿದೆವು. ಪೈಪು ಬಿಗಿಯಾಗಿ ಕೂತಿತು. ಆದರೂ ನೀರಿನ ಒತ್ತಡಕ್ಕೆ ಮೆಲ್ಲಮೆಲ್ಲಗೆ ಹಿಂದೆ ಸರಿಯುತ್ತಿತ್ತು. ಹೀಗಾಗಿ ಮಂಡಿಯೂರಿ ಕೂತು, ಎರಡೂ ಕೈಗಳಿಂದ ಅವುಚಿ ಹಿಡಿದೆ. ಕೈಕೆಳಗೆ ನೀರು ಜೀವವಿದ್ದಂತೆ ತುಡಿದುಕೊಂಡು ಓಡಿತು.

ಕೆಳಗೆ ಇಮಾಮಸಾಬ ಪೈಪಿನ ತುದಿ ಹಿಡಿದು ಗೌರಿಯ ಹಣೆಗೆ, ಕಿವಿಗೆ, ಹೊಟ್ಟೆಗೆ ನೀರು ಹಾಯಿಸುತ್ತಿದ್ದ. ಅಷ್ಟು ದೂರದಿಂದ ನನಗೆ ಕಾಣುತ್ತಿದ್ದುದು ಒದ್ದೆಯಾಗಿ ಕಪ್ಪಾದ ಆ ಮೈ, ಅದರ ಬಳಿ ಬಾಗಿದ ಅವನ ಬಿಳಿ ಅಂಗಿ. ಬಹಳ ಹೊತ್ತಿನ ಮೇಲೆ ಸೊಂಡಿಲು ಎದ್ದಿತು. ನೀರು ಹೀರಿ ಬಾಯಿಗೆ ಬಿಟ್ಟುಕೊಂಡಳು. ಆಳುಗಳೆಲ್ಲ ಕೂಗಿದರು, ನಾನೂ ಕೂತಲ್ಲಿಂದಲೇ ಕೂಗಿದೆ. ಗೌರಿ ಮುಂಗಾಲು ಊರಿದಳು. ಆಳುಗಳು ಬೆನ್ನಿಗೆ ಭುಜ ಕೊಟ್ಟರು, ಇಮಾಮಸಾಬನ "ಉಠ್ ಬೇಟಿ" ದಿಬ್ಬದವರೆಗೂ ಕೇಳಿಸಿತು. ಅರ್ಧ ಎದ್ದಳು.

ಮತ್ತೆ ಒರಗಿದಳು.

ಕೆಳಗೆ ಆಳುಗಳು ಒಬ್ಬೊಬ್ಬರಾಗಿ ತಲೆಯ ರುಮಾಲು ಬಿಚ್ಚಿದರು. ಮರಿಯಾಬಾಯಿ ದಿಬ್ಬ ಹತ್ತಿ ಬಂದಳು.

"ಹೋದಳ್ರಿ" ಎಂದಳು. ಚಕ್ರ ತಿರುಗಿಸಲು ನಾನು ಒಂದು ಕೈ ತೆಗೆಯುವಷ್ಟರಲ್ಲಿ ತಡೆದಳು. "ನೀರು ನಿಲ್ಲಸಬ್ಯಾಡ್ರಿ. ಮೈ ತೊಳೀಬೇಕಂತ, ಇಮಾಮಸಾಬ ಹೇಳಿ ಕಳಸ್ಯಾನ."

ಬದುಕಿಸಲೆಂದು ಬಿಟ್ಟ ನೀರನ್ನು ಸತ್ತವಳಿಗೆ ಸುರಿಯಲು ನನಗೆ ಯಾವ ಹಕ್ಕಿತ್ತು ಎಂದು ಆಮೇಲೆ ಯೋಚಿಸಿದ್ದೇನೆ. ಆಗ ಆ ಪ್ರಶ್ನೆ ಹತ್ತಿರ ಸುಳಿಯಲಿಲ್ಲ. ಕೈ ಮತ್ತೆ ಬಿಗಿ ಮಾಡಿದೆ. ಇಮಾಮಸಾಬ, ಆಳುಗಳು ಆಮೇಲೆ ಹೇಳಿದಂತೆ, ಗೌರಿಯ ಕಣ್ಣಿನ ಅಂಚಿನ ಮಣ್ಣು ತೊಳೆದ. ಕಿವಿಗಳನ್ನು ಮಡಿಸಿ ಹಿಂಬದಿ ತೊಳೆದ. ಪಾದಗಳ ಉಗುರುಗಳನ್ನು ಅಂಗೈಯಿಂದ ಉಜ್ಜಿದ. ಅವಸರ ಮಾಡಲಿಲ್ಲ, ಯಾರೂ ಅವಸರ ಮಾಡಿಸಲಿಲ್ಲ. ಡಾಕ್ಟರು ಯಾವುದೋ ಹಳ್ಳಿಗೆ ಹೋಗಿದ್ದಾರೆಂದು ಲಾರಿ ಬರಿದೇ ಮರಳಿ ಬಂತು.

ಬಿಸಿಲು ಇಳಿದಾಗ ಕಮಲಾ ನನ್ನ ಪಕ್ಕ ಕೂತಳು. "ಟಾಕಿ ಖಾಲಿ ಆಗೇತ್ರಿ. ಬಿಡ್ರಿ ಇನ್ನ" ಎಂದಳು.

ಬಿಡಲು ನೋಡಿದೆ, ಬೆರಳು ಬಿಚ್ಚಿಕೊಳ್ಳಲಿಲ್ಲ. ನೀರಿನ ಹೊಡೆತ ನಿಂತುಹೋಗಿದ್ದ ಪೈಪನ್ನು ಎಷ್ಟು ಹೊತ್ತಿನಿಂದ ಹಿಡಿದು ಕೂತಿದ್ದೆನೋ ಗೊತ್ತಿಲ್ಲ. ಅವಳೇ ಒಂದೊಂದಾಗಿ ಬೆರಳು ಬಿಡಿಸಿದಳು. ಅಷ್ಟರಲ್ಲಿ ಇಮಾಮಸಾಬ ಮೇಲೆ ಬಂದ. ಅವನ ಅಂಗಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಕೆಂಪೇರಿ ಬಾತ ನನ್ನ ಅಂಗೈಗಳನ್ನು ತನ್ನ ಕೈಯಲ್ಲಿ ಹಿಡಿದು ನೋಡಿದ.

"ನೀರು ನಡುವ ಎಲ್ಲೂ ನಿಲ್ಲಲಿಲ್ಲ, ರಾಯರ" ಎಂದ. "ನನ್ನ ಬೇಟಿ ಛಲೋತ್ನಂಗ ಮೈ ತೊಳಕೊಂಡು ಹೋದಳು."

ಹೆಂಗಸರು ಆಗಲೇ ಕೊಡಗಳನ್ನೆತ್ತಿಕೊಂಡು ಹೊಳೆಯ ದಾರಿ ಹಿಡಿದಿದ್ದರು. ಕಮಲಾ ನಮ್ಮ ಮನೆಯ ಕೊಡ ತಂದಳು. ನನ್ನ ಕೈಗೆ ಅದು ನಿಲ್ಲುವಂತಿರಲಿಲ್ಲ. ಇಮಾಮಸಾಬ ತಾನೇ ಅದನ್ನು ಹೆಗಲಿಗೇರಿಸಿಕೊಂಡ. ನಾವಿಬ್ಬರೂ ಅವನ ಹಿಂದೆ ನಡೆದೆವು.